ಮುಂದಿನ ಸೀಟಿನವನ ಸಹಿ

ಊರಿಗೆಲ್ಲ ಬಸ್ಸು ಓಡಿಸುವವರಿಗೆ ಬಸ್ಸಿಲ್ಲ. ತಮಾಷೆಗೆ ಹೇಳುತ್ತಿಲ್ಲ. ಮೊದಲ ಬಸ್ಸು ಡಿಪೋ ಬಿಡುವುದು ಬೆಳಿಗ್ಗೆ ಆರಕ್ಕೆ. ಅದನ್ನು ಹೊರಡಿಸಬೇಕಾದ ನಾವು ಐದೂವರೆಗೇ ಅಲ್ಲಿರಬೇಕು. ಆ ಹೊತ್ತಿಗೆ ನಮ್ಮನ್ನು ಕರೆತರುವ ಬಸ್ಸು ಎಲ್ಲಿಂದ ಬರಬೇಕು? ಹೀಗಾಗಿ ವರ್ಷಗಟ್ಟಲೆ ನಾವೆಲ್ಲ ಒಬ್ಬೊಬ್ಬರು ಒಂದೊಂದು ಗಾಡಿ ಹತ್ತಿ ಬರುತ್ತಿದ್ದೆವು. "ಬಸ್ಸಿನಲ್ಲಿ ಓಡಾಡಿ, ಹೊಗೆ ಕಡಿಮೆ ಮಾಡಿ" ಎಂದು ಬಸ್ಸಿನ ಬೆನ್ನಿಗೆ ಬರೆಸಿಕೊಂಡು ಊರು ತಿರುಗುವವರ ಅಂಗಳದಲ್ಲಿ ಬಸ್ಸು ತಿರುಗಿಸಲು ಜಾಗವಿಲ್ಲದಷ್ಟು ಸ್ಕೂಟರು, ಕಾರು. ಜನ ನೋಡಿ ನಗುತ್ತಿದ್ದರು. ನಗಬೇಕಾದ್ದೇ.

ಕೊನೆಗೆ ಮ್ಯಾನೇಜರಿಗೆ ನಾಚಿಕೆಯಾಗಿ ಒಂದು ನಿಯಮ ತಂದರು. ಒಂದೇ ಕಡೆಯಿಂದ ಬರುವವರು ನಾಲ್ಕು ಜನ ಸೇರಿ ಒಂದೇ ಕಾರಿನಲ್ಲಿ ಬಂದರೆ ಆ ಕಾರಿಗೆ ಒಳಗೆ ನೆರಳಿನಲ್ಲಿ ಜಾಗ. ಇಲ್ಲವಾದರೆ ಹೊರಗೆ ರಸ್ತೆಯಲ್ಲಿ ಒಣಗಲಿ. ಗೇಟಿನಲ್ಲಿ ಒಂದು ಪುಸ್ತಕ ಇಟ್ಟರು. ಓಡಿಸಿದವನ ಹೆಸರು ಮೇಲೆ, ಕೂತು ಬಂದವರ ಸಹಿ ಕೆಳಗೆ. ಆ ಪುಸ್ತಕದ ನಮೂನೆ ಬರೆದುಕೊಟ್ಟವನು ನಮ್ಮ ಡ್ಯೂಟಿ ಗುಮಾಸ್ತ. ಯಾರಿಗೆ ಯಾವ ಬಸ್ಸು, ಯಾವ ರೂಟು ಎಂದು ದಿನಾ ಪಟ್ಟಿ ಬರೆಯುವವನು ಇವನೇ. ಮೇಲಿನವರನ್ನು ಮೆಚ್ಚಿಸುವುದರಲ್ಲಿ ಎತ್ತಿದ ಕೈ. ಪ್ರತಿ ಹಾಳೆಯ ತಲೆಯ ಮೇಲೂ ಒಂದು ಸಾಲು ಅಚ್ಚು ಹಾಕಿಸಿದ: "ಈ ಚಾಲಕರ ಜೊತೆ ಸುರಕ್ಷಿತವಾಗಿ ಬಂದಿದ್ದೇವೆ, ಇವರ ಚಾಲನೆಯಲ್ಲಿ ನಮಗೆ ಯಾವ ದೂರೂ ಇಲ್ಲ." ಯಾರೂ ಕೇಳಿರಲಿಲ್ಲ. ಅವನಿಗೇ ಹೊಳೆದದ್ದು. ಮ್ಯಾನೇಜರು ಬೆನ್ನು ತಟ್ಟಿದರು.

ನಮ್ಮ ಕಡೆಯಿಂದ ನಾಲ್ವರು ಸೇರಿದೆವು. ಕಾರು ನನ್ನದು, ಓಡಿಸುವವನೂ ನಾನೇ. ನಾನು ಆರು ಗಂಟೆಯ ಬಸ್ಸಿನ ಡ್ರೈವರು, ಇಪ್ಪತ್ತಾರು ವರ್ಷದ ಸರ್ವೀಸು. ಅದೇ ಬಸ್ಸಿನ ಕಂಡಕ್ಟರು ಹೆಣ್ಣುಮಗಳು. ನನಗಿಂತ ಹದಿನೈದು ವರ್ಷ ಚಿಕ್ಕವಳು, ತಂಗಿ ಎಂದೇ ಕರೆಯುತ್ತೇನೆ. ಮೂರನೆಯವನು ಡಿಪೋದ ಎಲೆಕ್ಟ್ರಿಷಿಯನ್ನು. ಕೂತ ತಕ್ಷಣ ನಿದ್ದೆ ಹೋಗುತ್ತಾನೆ ಎಂದು ಅವನಿಗೆ ಫ್ಯೂಸು ಎಂದು ಹೆಸರು ಬಿದ್ದಿತ್ತು. ನಾಲ್ಕನೆಯವನು ಗುಮಾಸ್ತ. ಅವನಿಗೆ ಮುಂದಿನ ಸೀಟೇ ಬೇಕು. ಹಿಂದೆ ಕೂತರೆ ಹೊಟ್ಟೆ ತೊಳಸುತ್ತದಂತೆ.

ನಿಜ ಹೇಳುತ್ತೇನೆ, ಮೊದಲ ವರ್ಷ ಚೆನ್ನಾಗಿತ್ತು. ನಾಲ್ಕು ಎಂಜಿನ್ ಕುಡಿಯುವ ಎಣ್ಣೆ ಒಂದು ಕುಡಿಯಿತು. ರಸ್ತೆಯಲ್ಲಿ ಮೂರು ಗಾಡಿಯ ಹೊಗೆ ಕಡಿಮೆಯಾಯಿತು. ನಾನು ಶಾಲೆಯಲ್ಲಿ ಕಲಿತದ್ದು ಅಷ್ಟಕ್ಕಷ್ಟೇ, ಆದರೆ ಅರ್ಧ ಖಾಲಿ ಗಾಡಿ ಓಡಿಸಿದರೆ ನನಗೆ ಮೊದಲಿನಿಂದಲೂ ಮೈಯೆಲ್ಲ ಕೆರೆತ. ಕೂತು ಬರುವ ಅರ್ಧ ಗಂಟೆ ಮಾತು, ನಗು. ಮನೆಯ ಕಷ್ಟ, ಹೆಂಡತಿಯ ಬೈಗಳು, ಮಕ್ಕಳ ಪರೀಕ್ಷೆ, ಎಲ್ಲ ಆ ಕಾರಿನಲ್ಲಿ ಬಂದು ಹೋಗುತ್ತಿತ್ತು.

ಹಾಗೆ ಒಂದು ಬೆಳಿಗ್ಗೆ ನಾನೂ ಬಾಯಿ ಬಿಟ್ಟೆ.

"ಯಾಕೋ ನಿನ್ನೆ ಎದ್ದಾಗ ಎಡಗೈ ಜೋಮು ಹಿಡಿದುಬಿಟ್ಟಿತ್ತು. ಹತ್ತು ನಿಮಿಷ ಇರುವೆ ಹರಿದ ಹಾಗೆ."

"ಕೈ ಮೇಲೆ ಮಲಗಿರ್ತೀರಿ ಬಿಡಿ ಅಣ್ಣಾ" ಎಂದಳು ತಂಗಿ.

"ವಯಸ್ಸಾಯ್ತು ಅಂತ ಒಪ್ಕೊಳ್ರೀ ಡ್ರೈವರ್ರೇ" ಎಂದ ಗುಮಾಸ್ತ. ಎಲ್ಲರೂ ನಕ್ಕೆವು. ನಿದ್ದೆಯಲ್ಲೇ ಫ್ಯೂಸು ಕೂಡ ನಕ್ಕ.

ಮೂರು ವಾರ ಕಳೆದ ಮೇಲೆ ಹಾಜರಿಯ ಹೊತ್ತಿನಲ್ಲಿ, ಎಂಬತ್ತು ಜನ ಡ್ರೈವರು ಕಂಡಕ್ಟರುಗಳ ಎದುರು, ಗುಮಾಸ್ತ ಒಂದು ಕಾಗದ ಓದಿದ. ನನ್ನ ಕೈಯಲ್ಲಿ ಬಲವಿಲ್ಲ, ಪ್ರಯಾಣಿಕರ ಜೀವಕ್ಕೆ ಅಪಾಯ, ಮುಂದಿನ ಆದೇಶದವರೆಗೆ ಬಸ್ಸು ಓಡಿಸುವ ಹಾಗಿಲ್ಲ. ಓದುವಾಗ ಅವನ ಧ್ವನಿ ಎಷ್ಟು ಗಟ್ಟಿಯಿತ್ತೆಂದರೆ ವರ್ಕ್‌ಶಾಪಿನಲ್ಲಿ ಗಾಲಿ ಬಿಚ್ಚುತ್ತಿದ್ದವರೂ ಹೊರಗೆ ಬಂದು ನೋಡಿದರು. ಆಮೇಲೆ ಅದನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ. ನನ್ನನ್ನು ಬಸ್ಸು ತೊಳೆಯುವ ಜಾಗಕ್ಕೆ ಹಾಕಿದರು. ಇಪ್ಪತ್ತಾರು ವರ್ಷ ಓಡಿಸಿದವನು ಕೈಯಲ್ಲಿ ನೀರಿನ ಪೈಪು ಹಿಡಿದು ನಿಂತೆ. ನನ್ನ ಕಣ್ಣೆದುರೇ ನನ್ನ ಬಸ್ಸು ಗೇಟು ದಾಟಿ ಹೋಯಿತು. ಓಡಿಸುತ್ತಿದ್ದವನು ಗುಮಾಸ್ತನ ಹೆಂಡತಿಯ ತಮ್ಮ.

ಮಧ್ಯಾಹ್ನ ಮ್ಯಾನೇಜರ ಕೋಣೆಗೆ ನುಗ್ಗಿದೆ. ಅವರು ಫೈಲು ತಿರುಗಿಸಿ ನನ್ನ ಮುಂದಿಟ್ಟರು. ದೂರು ಗುಂಡು ಅಕ್ಷರದಲ್ಲಿತ್ತು. ದಿನಾ ಪಟ್ಟಿಯಲ್ಲಿ ನೋಡುವ ಅಕ್ಷರ, ಕತ್ತಲಲ್ಲೂ ಗುರುತು ಹಿಡಿಯುತ್ತೇನೆ. "ಸ್ಟೇರಿಂಗಿನಿಂದ ಇವರ ಕೈ ಜಾರಿದ್ದನ್ನು ಎರಡು ಸಲ ನಾನೇ ಕಣ್ಣಾರೆ ಕಂಡಿದ್ದೇನೆ. ಇವರು ಓಡಿಸುವ ವಾಹನದಲ್ಲಿ ಯಾರೂ ಕೂರುವುದು ಕ್ಷೇಮವಲ್ಲ."

ಜೋಮಿನ ಮಾತು ನನ್ನದು. ಕೈ ಜಾರಿದ ಮಾತು ಅಪ್ಪಟ ಸುಳ್ಳು.

"ಡಾಕ್ಟರು ಏನಂತಾರೆ?" ಎಂದೆ.

"ಜೋಮು ಬಂದು ಹೋಗೋ ಜಾತೀದು, ಪರೀಕ್ಷೇಲಿ ಸಿಗಲ್ಲ ಅಂತಾರೆ. ಎರಡು ತಿಂಗಳು ಬಿಟ್ಟು ವಿಚಾರಣೆ. ಅಲ್ಲೀವರೆಗೂ ನೀವು ಓಡಿಸೋದನ್ನ ನೋಡಿದವರು ಯಾರಾದ್ರೂ ಇದ್ರೆ ಅವರ ಮಾತೇ ಸಾಕ್ಷಿ. ಆದ್ರೆ ನೀವು ಈಗ ಬಸ್ಸು ಓಡಿಸ್ತಾನೇ ಇಲ್ಲವಲ್ರೀ."

ಮನೆಗೆ ಬಂದವನೇ ಕಾರಿನ ಹಿಂದಿನಿಂದ ಗಾಲಿ ಬಿಚ್ಚುವ ಪಾನಾ ತೆಗೆದೆ. ನನ್ನ ಹೆಂಡತಿ ಬಟ್ಟೆ ಹೊಲಿಯುವವಳು. ಯಂತ್ರ ತುಳಿಯುತ್ತಲೇ ತಲೆ ಎತ್ತಿ ನೋಡಿದಳು.

"ಎಲ್ಲಿಗೆ ಸವಾರಿ?"

"ಆ ಗುಂಡಕ್ಷರದವನ ಕೈ ಮುರಿಯೋಕೆ."

"ಮುರೀರಿ. ನಿಮ್ಮ ಕೈಗೆ ಬಲ ಇದೆ ಅಂತ ಊರಿಗೇ ಗೊತ್ತಾಗುತ್ತೆ. ಆಮೇಲೆ ಬಸ್ಸು ಓಡ್ಸೋದು ಬಿಡಿ, ತೊಳೆಯೋಕೂ ಕರೆಯಲ್ಲ." ದಾರ ಕಚ್ಚಿ ತುಂಡು ಮಾಡಿದಳು. "ನಾಳೆ ಬೆಳಿಗ್ಗೆ ಕಾರಲ್ಲಿ ಅವನನ್ನ ಕೂರಿಸ್ಕೋತೀರಾ?"

"ಕೂರಿಸ್ಕೊಳ್ಳೋದಾ? ಕಾರನ್ನ ಅವನ ಮೇಲೇ ಹತ್ತಿಸ್ತೀನಿ."

"ಹಾಗೆ ಮಾಡೋದಾದ್ರೆ ಮೊದಲು ನನ್ನನ್ನ ತವರಿಗೆ ಬಿಟ್ಟು ಬನ್ನಿ" ಎಂದು ಮತ್ತೆ ಯಂತ್ರ ತುಳಿದಳು.

ಬೆಳಿಗ್ಗೆ ಮೂಲೆಯಲ್ಲಿ ಗುಮಾಸ್ತ ಎಂದಿನಂತೆ ನಿಂತಿದ್ದ. ಕಾರು ನಿಲ್ಲಿಸಿದೆ. ಯಾಕೆ ನಿಲ್ಲಿಸಿದೆನೋ ಆ ಕ್ಷಣ ನನಗೂ ಗೊತ್ತಿರಲಿಲ್ಲ. ಬಹುಶಃ ಮುಖಕ್ಕೆ ಉಗಿಯಲೆಂದು. ಆದರೆ ಅವನು ಬಾಗಿಲು ತೆಗೆದು ಮುಂದೆ ಕೂತು, ಬೆಲ್ಟು ಹಾಕಿಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, "ಬೇಜಾರಾಗ್ಬೇಡಿ ಡ್ರೈವರ್ರೇ, ಮೇಲಿಂದ ಬಂದ ಕಾಗದ, ಓದೋದಷ್ಟೇ ನನ್ನ ಕೆಲಸ" ಎಂದ. ನಾನು ಫೈಲು ನೋಡಿದ್ದು ಅವನಿಗೆ ಗೊತ್ತಿರಲಿಲ್ಲ. ಎರಡು ತಿರುವು ದಾಟುವಷ್ಟರಲ್ಲಿ ಕಣ್ಣು ಮುಚ್ಚಿ ಆಕಳಿಸಿದ. ನಾನು ಓಡಿಸುವ ಗಾಡಿಯಲ್ಲಿ ಯಾರೂ ಕೂರಬಾರದೆಂದು ಬರೆದ ಮನುಷ್ಯ ನನ್ನ ಪಕ್ಕದಲ್ಲೇ ತೊಟ್ಟಿಲಲ್ಲಿ ಮಲಗಿದ ಕೂಸಿನಂತೆ ಒರಗಿದ್ದ.

ಗೇಟಿನಲ್ಲಿ ವಾಚ್‌ಮನ್ ಪುಸ್ತಕ ಚಾಚಿದ. ಗುಮಾಸ್ತ ಪೆನ್ನು ತೆಗೆದು ನನ್ನ ಹೆಸರಿನ ಕೆಳಗೆ, ಆ ಅಚ್ಚಿನ ಸಾಲಿನ ಕೆಳಗೆ, ದಿನಾಂಕ ಸಮೇತ ಗುಂಡಗೆ ಸಹಿ ಹಾಕಿದ.

ಬಾಯಿಗೆ ಬಂದಿದ್ದ ಉಗುಳನ್ನು ನಾನು ನುಂಗಿಕೊಂಡೆ.

ಅಂದಿನಿಂದ ನಾನು ಬೆಣ್ಣೆಯಾದೆ. ನನ್ನ ಕೋಪ ಮೂಗಿನ ತುದಿಯಲ್ಲಿರುತ್ತದೆ ಎಂದು ಡಿಪೋಗೆಲ್ಲ ಗೊತ್ತು. ಅಂಥವನು ದಿನಾ ಆ ಮೂಲೆಯಲ್ಲಿ ಕಾರು ನಿಲ್ಲಿಸಿ "ಬನ್ನಿ ಸ್ವಾಮಿ" ಎನ್ನುತ್ತಿದ್ದೆ. ಅವನು ಎರಡು ನಿಮಿಷ ತಡ ಮಾಡಿದರೆ ಕಾಯುತ್ತಿದ್ದೆ. ಜ್ವರ ಬಂದು ಒಂದು ದಿನ ಬರುವುದಿಲ್ಲ ಎಂದಾಗ, "ಮನೆ ಬಾಗಿಲಿಗೇ ಬರ್ತೀನಿ, ನಿಧಾನವಾಗಿ ಹತ್ತಿ" ಎಂದೆ. ಒಂದು ಸಹಿಯೂ ನನಗೆ ತಪ್ಪಬಾರದಿತ್ತು.

ಡಿಪೋದಲ್ಲಿ ನನ್ನನ್ನು ಆಡಿಕೊಂಡರು. ತೊಳೆಯುವ ಜಾಗಕ್ಕೆ ಬಸ್ಸು ತಂದು ನಿಲ್ಲಿಸುವ ಡ್ರೈವರುಗಳು, "ಏನಣ್ಣಾ, ಕೈಗಷ್ಟೇ ಅಲ್ಲ, ಬೆನ್ನು ಮೂಳೆಗೂ ಜೋಮಾ?" ಎನ್ನುತ್ತಿದ್ದರು. ಪೈಪು ತಿರುಗಿಸಿ ಒಬ್ಬನಿಗೆ ತಲೆಯಿಂದ ಕಾಲಿನವರೆಗೆ ನೀರು ಹೊಡೆದೆ. ಅಷ್ಟು ಬಿಟ್ಟರೆ ಹಲ್ಲು ಕಚ್ಚಿಕೊಂಡಿದ್ದೆ.

ದೂರು ಬರೆದವನು ಯಾರೆಂದು ತಂಗಿಗೆ ಹೇಳಿದ ದಿನ ಅವಳು ನನ್ನ ಮೇಲೇ ಎಗರಿದಳು.

"ಗೊತ್ತಿದ್ದೂ ಮುಂದೆ ಕೂರಿಸ್ಕೊಂಡು ಬರ್ತಿದ್ದೀರಾ? ನಾಳೆಯಿಂದ ನಾನು ಬರಲ್ಲ. ನನ್ನ ಸ್ಕೂಟರು ಇನ್ನೂ ಸತ್ತಿಲ್ಲ."

"ನೀನು ಬರದಿದ್ರೆ ಮೂರೇ ಜನ ಆಗ್ತೀವಿ. ನಾಲ್ಕು ಜನ ಇಲ್ಲದಿದ್ರೆ ಪುಸ್ತಕ ಇಲ್ಲ."

"ಆ ಪುಸ್ತಕ ಯಾಕೆ ಬೇಕು ನಿಮಗೆ?"

ಹೇಳಿದೆ. ಅವಳು ಅಂದಳು, "ನಿಮ್ಮ ಸೇಡಿಗೆ ನಾನ್ಯಾಕಣ್ಣಾ ದಿನಾ ಅವನ ಬೋಳು ತಲೆ ನೋಡ್ಕೊಂಡು ಬರ್ಬೇಕು?"

"ಅವನ ಭಾವಮೈದನ ಜೊತೆ ಬಸ್ಸಲ್ಲಿ ಇಡೀ ದಿನ ಕಳೀತೀಯಲ್ಲ, ಅದಕ್ಕಿಂತ ಕಷ್ಟವಾ?"

"ಅಯ್ಯೋ, ಅವನ ವಿಷಯ ಎತ್ತಬೇಡಿ. ಸ್ಟಾಪಿಂದ ಅರ್ಧ ಫರ್ಲಾಂಗು ಮುಂದೆ ನಿಲ್ಲಿಸ್ತಾನೆ. ಮುದುಕಿಯರೆಲ್ಲ ಓಡಿ ಬಂದು ನನಗೆ ಶಾಪ ಹಾಕ್ತಾರೆ." ಕೈ ಝಾಡಿಸಿದಳು. "ಆಯ್ತು, ಬರ್ತೀನಿ. ಆದ್ರೆ ಅವನ ಜೊತೆ ಒಂದು ಮಾತೂ ಆಡಲ್ಲ."

ಹೀಗೆ ಕಾರಿನಲ್ಲಿ ಮಾತು ನಿಂತುಹೋಯಿತು. ಗುಮಾಸ್ತನೊಬ್ಬನೇ ಮಾತಾಡುತ್ತಿದ್ದ. ಬಡ್ತಿ ಬರುವುದಿದೆ, ಡಿಪೋಗೇ ಮೇಲ್ವಿಚಾರಕನಾಗುತ್ತೇನೆ, ಆಮೇಲೆ ನಿಮ್ಮ ವಿಷಯ ನೋಡೋಣ ಎಂದು ನನಗೇ ಅಭಯ ಕೊಡುತ್ತಿದ್ದ. ನಾನು "ನಿಮ್ಮ ದಯೆ" ಎನ್ನುತ್ತಿದ್ದೆ. ಆ ಎರಡು ಪದ ಹೇಳುವಾಗ ನನ್ನ ನಾಲಿಗೆಗೆ ಆಗುತ್ತಿದ್ದ ಕಹಿ ನನಗೊಬ್ಬನಿಗೇ ಗೊತ್ತು.

ಒಂದು ಬೆಳಿಗ್ಗೆಯ ವಿಷಯ ಮುಚ್ಚಿಡುವುದಿಲ್ಲ. ಮೂವತ್ತನೆಯ ಸಹಿಯ ಆಸುಪಾಸು. ದೊಡ್ಡ ಸಿಗ್ನಲಿನಲ್ಲಿ ಕೆಂಪು ದೀಪಕ್ಕೆ ನಿಂತಿದ್ದೆವು. ಎಡಗೈಯ ಬೆರಳುಗಳಲ್ಲಿ ಇರುವೆ ಹರಿಯತೊಡಗಿತು. ಹಿಂದಿನ ರಾತ್ರಿ ಕುರ್ಚಿಯಲ್ಲೇ ಕೈ ಮಡಚಿ ನಿದ್ದೆ ಹೋಗಿದ್ದೆ, ಅದಕ್ಕೇ ಇರಬೇಕು. ಗುಮಾಸ್ತನ ಕಣ್ಣು ಸರಿಯಾಗಿ ಆ ಕೈಯ ಮೇಲೇ ಇತ್ತು. ಅಥವಾ ನನಗೆ ಹಾಗನ್ನಿಸಿತೋ. ಹಸಿರು ಬಂತು. ನಾನು ಗಾಡಿ ಮುಂದೆ ತೆಗೆಯಲಿಲ್ಲ. ಹಿಂದಿನವರು ಹಾರನ್ ಬಾರಿಸಿದರು.

"ಹಸಿರು ಬಿತ್ತಲ್ರೀ" ಎಂದ ಗುಮಾಸ್ತ.

"ಬೀಳಲಿ ಸ್ವಾಮಿ. ಆ ಕಡೆಯಿಂದ ಒಬ್ಬ ಲಾರಿಯವನು ನುಗ್ತಾನೆ ದಿನಾ." ಯಾವ ಲಾರಿಯೂ ಇರಲಿಲ್ಲ. ಬೆರಳು ಮಡಚಿ ಬಿಚ್ಚಿದೆ, ಮಡಚಿ ಬಿಚ್ಚಿದೆ. ಇರುವೆ ಇಳಿಯಿತು. ಮುಂದಿನ ಹಸಿರಿಗೆ ಹೊರಟೆ. ಇಳಿಯದಿದ್ದರೆ ಪಕ್ಕಕ್ಕೆ ನಿಲ್ಲಿಸಿ ಫ್ಯೂಸನ್ನು ಎಬ್ಬಿಸಿ ಸ್ಟೇರಿಂಗ್ ಕೊಡುತ್ತಿದ್ದೆ. ನಾನು ಮುಂಗೋಪಿ, ಕೊಲೆಗಾರನಲ್ಲ. ಅಂದಿನಿಂದ ಮಾತ್ರ ಕೈ ಮಡಚಿ ಮಲಗುವುದನ್ನು ಬಿಟ್ಟೆ. ನಿದ್ದೆಯಲ್ಲಿ ಕೈ ಮಡಚಿದ್ದು ಕಂಡಾಗಲೆಲ್ಲ ಎಬ್ಬಿಸು ಎಂದು ಹೆಂಡತಿಗೆ ಹೇಳಿದ್ದೆ. ಅವಳು ಒಂದೊಂದು ಸಲ ನಿದ್ದೆ ಕೆಟ್ಟ ಸಿಟ್ಟಿಗೆ ಚಿವುಟಿಯೇ ಎಬ್ಬಿಸುತ್ತಿದ್ದಳು. ಜೋಮು ಮತ್ತೆ ಬರಲಿಲ್ಲ.

ವಿಚಾರಣೆಯ ದಿನ ಮ್ಯಾನೇಜರ ಕೋಣೆಯಲ್ಲಿ ನಾಲ್ಕೇ ಜನ. ಮ್ಯಾನೇಜರು, ಡಿಪೋದ ಡಾಕ್ಟರು, ಗುಮಾಸ್ತ, ನಾನು.

"ನೀವು ಬರೆದದ್ದಕ್ಕೆ ಈಗಲೂ ಬದ್ಧರಾ?" ಎಂದು ಮ್ಯಾನೇಜರು ಗುಮಾಸ್ತನನ್ನು ಕೇಳಿದರು. ಆಗಲೇ ಅವನಿಗೆ ಗೊತ್ತಾದದ್ದು, ದೂರು ಯಾರದೆಂದು ನನಗೆ ತಿಳಿದಿದೆ ಎಂದು. ಒಂದು ಸಲ ನನ್ನ ಕಡೆ ನೋಡಿದ. ಆದರೂ ಬಡ್ತಿಯ ಆಸೆ ಬಿಡಬೇಕಲ್ಲ.

"ಬದ್ಧ ಸಾರ್. ಜನರ ಜೀವದ ಪ್ರಶ್ನೆ. ಸಾರ್ವಜನಿಕರ ಹಿತದೃಷ್ಟಿಯಿಂದ ನನಗೆ ಸ್ನೇಹ ದೊಡ್ಡದಲ್ಲ."

"ಆಮೇಲೆ ಇವರು ಏನಾದ್ರೂ ಓಡಿಸಿದ್ದನ್ನ ನೋಡಿದ್ದೀರಾ?"

ಅವನು ಬಾಯಿ ತೆರೆಯುವ ಮೊದಲೇ ನಾನು ಎದ್ದೆ. ಬೆಳಿಗ್ಗೆಯೇ ವಾಚ್‌ಮನ್ನನ್ನು ಕೇಳಿ ತಂದಿದ್ದ ಗೇಟಿನ ಪುಸ್ತಕವನ್ನು ಮೇಜಿನ ಮೇಲೆ ಬಿಸಾಕಿದೆ.

"ನೋಡಿದ್ದಾರೆ ಸಾರ್. ನಲವತ್ತೇಳು ದಿನ, ಮುಂದಿನ ಸೀಟಲ್ಲಿ ಕೂತು ನೋಡಿದ್ದಾರೆ. ಮೇಲಿನ ಸಾಲು ಓದಿ. ಅದನ್ನ ಬರೆಸಿದವರೂ ಅವರೇ."

ಮ್ಯಾನೇಜರು ಹಾಳೆ ತಿರುವಿದರು. ಡಾಕ್ಟರು ಕುತ್ತಿಗೆ ಚಾಚಿದರು.

"ಏನ್ರೀ ಇದು?" ಎಂದರು ಮ್ಯಾನೇಜರು. "ಕೂರೋದು ಕ್ಷೇಮವಲ್ಲ ಅಂತ ಬರೀತೀರಿ. ಮರುದಿನದಿಂದ ನೀವೇ ಕೂತು, ಯಾವ ದೂರೂ ಇಲ್ಲ ಅಂತ ಸಹಿ ಹಾಕ್ತೀರಿ. ಅಲ್ಲಿ ಸುಳ್ಳೋ, ಇಲ್ಲಿ ಸುಳ್ಳೋ?"

"ಸಾರ್, ಅದು... ಗೇಟಲ್ಲಿ ಅಭ್ಯಾಸ ಬಲದಿಂದ..."

"ಇನ್ನೂ ಇಬ್ಬರು ಹಿಂದೆ ಕೂತಿರ್ತಾರಲ್ಲ, ಅವರ ಜೀವ ಸಾರ್ವಜನಿಕರ ಲೆಕ್ಕಕ್ಕೆ ಬರಲ್ವಾ?" ಎಂದೆ ನಾನು. "ಜ್ವರ ಬಂದ ದಿನ ಮನೆ ಬಾಗಿಲಿಂದ ಹತ್ತಿದ್ರಿ ಸ್ವಾಮಿ. ಅವತ್ತು ನನ್ನ ಕೈ ಜಾರಲಿಲ್ವಾ?"

ಅವನ ಮುಖ ಬಿಳಿಚಿಕೊಂಡಿತು. ಎರಡು ತಿಂಗಳಿಂದ ನಾನು ನುಂಗಿಕೊಂಡ ಒಂದೊಂದು "ನಿಮ್ಮ ದಯೆ"ಗೂ ಆ ಮುಖ ಉತ್ತರವಾಗಿತ್ತು.

ಮ್ಯಾನೇಜರು ಕನ್ನಡಕ ತೆಗೆದು ಒರೆಸಿದರು. ಅವರಿಗೆ ಗಲಾಟೆ ಬೇಡ. "ನೋಡಿ ಡ್ರೈವರ್ರೇ, ಇಲ್ಲಿಗೇ ಮುಗಿಸೋಣ. ದೂರು ವಾಪಸ್ ತಗೋತಾರೆ. ನಾಳೆ ಬೆಳಿಗ್ಗೆ ನಿಮ್ಮ ಬಸ್ಸು ನಿಮಗೆ. ಈ ಕೋಣೆಯ ಮಾತು ಈ ಕೋಣೇಲೇ ಇರ್ಲಿ."

ಸ್ಟೇರಿಂಗ್ ನನ್ನ ಕೈಗೆ ಬಂದಿತ್ತು. ಹೂಂ ಎಂದರೆ ಸಾಕಿತ್ತು. ಡಾಕ್ಟರು ಕೂಡ ಹೂಂ ಅನ್ನಿ ಎಂದು ಕಣ್ಣು ಮಿಟುಕಿಸಿದರು.

"ಇಲ್ಲ ಸಾರ್" ಎಂದೆ. "ನನ್ನ ಮಾನ ಹೋಗಿದ್ದು ಈ ಕೋಣೇಲಿ ಅಲ್ಲ, ಹಾಜರೀಲಿ. ಎಂಬತ್ತು ಜನರ ಎದುರು ಓದಿದ ಬಾಯೇ, ಅದೇ ಜಾಗದಲ್ಲಿ ನಿಂತು, ನಾನು ಬರೆದದ್ದು ಸುಳ್ಳು ಅಂತ ಓದ್ಬೇಕು."

"ಹಟ ಮಾಡಿದ್ರೆ ನಾನು ಮೇಲಿನ ಆಫೀಸಿಗೆ ಕಳಿಸ್ಬೇಕಾಗುತ್ತೆ. ನಾಲ್ಕು ತಿಂಗಳೋ, ಆರು ತಿಂಗಳೋ. ಅಲ್ಲೀವರೆಗೂ ನೀವು ಬಸ್ಸು ತೊಳೀತಾ ಇರ್ಬೇಕು."

"ತೊಳೀತೀನಿ. ಆರು ವರ್ಷ ಬೇಕಾದ್ರೂ ತೊಳೀತೀನಿ. ಪುಸ್ತಕಾನೂ ಜೊತೇಲೇ ಮೇಲಿನ ಆಫೀಸಿಗೆ ಕಳಿಸಿ."

ಗುಮಾಸ್ತ ಹೊರಗೆ ಬಂದು ಕಾರಿಡಾರಿನಲ್ಲಿ ನನ್ನ ತೋಳು ಹಿಡಿದ. "ಡ್ರೈವರ್ರೇ, ಒಂದೇ ಕಾರಲ್ಲಿ ಬಂದವರು ನಾವು. ನನ್ನ ಬಡ್ತಿ ಹೋಗುತ್ತೆ. ಎಂಬತ್ತು ಜನರ ಎದುರು ತಲೆ ಎತ್ತಿ ಹೇಗೆ ಓಡಾಡ್ಲಿ?"

"ನಾನು ಓಡಾಡ್ದೆನಲ್ಲ ಸ್ವಾಮಿ, ಕೈಯಲ್ಲಿ ಪೈಪು ಹಿಡ್ಕೊಂಡು. ಕಷ್ಟ ಆದ್ರೆ ಕೇಳಿ, ಹೇಳಿಕೊಡ್ತೀನಿ." ಅವನು ಹಿಡಿದಿದ್ದು ಬಲತೋಳು. ಅವನ ಬೆರಳುಗಳನ್ನು ಎಡಗೈಯಿಂದಲೇ ಒಂದೊಂದಾಗಿ ಬಿಡಿಸಿದೆ. ಬೇಕೆಂದೇ ಬಲ ಹಾಕಿ ಬಿಡಿಸಿದೆ. ಅವನು ಕುಯ್ ಎಂದ.

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿ, "ಬಸ್ಸು ಸಿಗ್ತಿತ್ತಲ್ರೀ, ತಗೊಂಡು ಬರೋದಲ್ವಾ" ಎಂದಳು. ನಾನು ಕೈ ತೊಳೆದು ತಟ್ಟೆಯ ಮುಂದೆ ಕೂತೆ. ಊಟಕ್ಕೆ ಬಡಿಸುವಾಗ ಅವಳೇ, "ಬಿಡಿ, ನಾನಾಗಿದ್ರೆ ಬಾಯಿಪಾಠ ಮಾಡಿಸ್ತಿದ್ದೆ" ಎಂದಳು.

ಮರುದಿನ ಮೂಲೆಯಲ್ಲಿ ಗುಮಾಸ್ತ ಇರಲಿಲ್ಲ. ಆದರೂ ನಿಂತು ಎರಡು ನಿಮಿಷ ಕಾದೆ. ಫ್ಯೂಸು ಅಪರೂಪಕ್ಕೆ ಎಚ್ಚರವಿದ್ದ. "ಮುಂದೆ ಜಾಗ ಖಾಲಿ ಇದ್ರೆ ಗಾಳಿ ಚೆನ್ನಾಗಿ ಬರುತ್ತೆ" ಎಂದ. ಮೂರು ಜನರ ಕಾರನ್ನು ವಾಚ್‌ಮನ್ ಒಳಗೆ ಬಿಡಲಿಲ್ಲ. ರಸ್ತೆಯಲ್ಲಿ ನಿಲ್ಲಿಸಿ ನಡೆದು ಒಳಗೆ ಹೋದೆವು.

ಹಾಜರಿಯ ಹೊತ್ತಿಗೆ ಗುಮಾಸ್ತ ಬಂದ. ಮೂರು ಗಂಟೆಗೇ ಮನೆ ಬಿಟ್ಟು ನಡೆದೇ ಬಂದಿದ್ದನಂತೆ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಕೈಯಲ್ಲೊಂದು ಕಾಗದ. ಇಡೀ ರಾತ್ರಿ ಯೋಚಿಸಿ, ಮೇಲಿನ ಆಫೀಸಿಗಿಂತ ಎಂಬತ್ತು ಜನರೇ ವಾಸಿ ಎಂದುಕೊಂಡಿರಬೇಕು. ಎಂದಿನ ಜಾಗದಲ್ಲಿ ನಿಂತು ಓದಿದ. ಕಾಗದವನ್ನು ಮುಖಕ್ಕೆ ಅಡ್ಡ ಹಿಡಿದಿದ್ದ. ಮೊದಲ ಸಾಲಿನವರಿಗೂ ಕೇಳುವಂತಿರಲಿಲ್ಲ.

"ಕೇಳಿಸ್ತಿಲ್ಲ" ಎಂದೆ ಹಿಂದಿನಿಂದ.

ಮತ್ತೆ ಓದಿದ. "ಚಾಲಕರ ಕೈ ಜಾರಿದ್ದನ್ನು ನಾನು ಕಂಡಿಲ್ಲ. ನಾನು ಬರೆದದ್ದು ಸುಳ್ಳು..."

"ವರ್ಕ್‌ಶಾಪಿನವರಿಗೆ ಕೇಳಿಸ್ತಿಲ್ಲ."

ಮ್ಯಾನೇಜರು ನನ್ನನ್ನು ದುರುಗುಟ್ಟಿ ನೋಡಿದರು. ಗಾಲಿ ಬಿಚ್ಚುವವರು ಆಗಲೇ ಹೊರಗೆ ಬಂದು ಸಾಲಾಗಿ ನಿಂತಿದ್ದರು. ಗುಮಾಸ್ತ ಮೂರನೆಯ ಸಲ ಓದಿದ. ಈ ಸಲ ಕಾಗದವನ್ನು ಕೆಳಗಿಳಿಸಿ, ಗಟ್ಟಿಯಾಗಿ, ಕೊನೆಯ ಅಕ್ಷರದವರೆಗೂ. ಓದಿ ಮುಗಿದಾಗ ಅವನ ಕಣ್ಣು ತುಂಬಿತ್ತು. ಯಾರೋ ಹಿಂದೆ ಶಿಳ್ಳೆ ಹಾಕಿದರು. ಅವನ ಭಾವಮೈದ ಬಸ್ಸಿನ ಕೀಲಿಯನ್ನು ನನ್ನ ಕೈಗೆ ಕೊಡದೆ ಸೀಟಿನ ಮೇಲೆ ಇಟ್ಟು ಹೋದ. ಅದೂ ನನಗೆ ಗೆಲುವಾಗಿಯೇ ಕಂಡಿತು.

ಸೀಟು ಎರಡು ಬೆರಳು ಹಿಂದಕ್ಕೆ ಸರಿದಿತ್ತು. ಮುಂದಕ್ಕೆ ಎಳೆದುಕೊಂಡು ಕೂತೆ. ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟೆ. ಎಂಜಿನ್ ಸದ್ದು ಅಂಗಾಲಿನಿಂದ ಏರಿ ಬಂತು. ತಂಗಿ ಹತ್ತಿ ಬಾಗಿಲ ಬಳಿ ನಿಂತಳು.

"ಸಾಕಾಯ್ತಾ ಅಣ್ಣಾ?"

"ಇಲ್ಲ."

"ಅಷ್ಟು ಅಳಿಸಿದ ಮೇಲೂ?"

ನಾನು ಗೇರ್ ಹಾಕಿದೆ. ಬಸ್ಸು ಗೇಟು ದಾಟಿತು. ಹೊರಗೆ ರಸ್ತೆಯಲ್ಲಿ ನಿಂತಿದ್ದ ನನ್ನ ಕಾರಿನ ಪಕ್ಕದಲ್ಲೇ ಹಾದು ಹೋದೆವು.

"ನಾಳೆ ಅವನು ಮತ್ತೆ ಮೂಲೇಲಿ ನಿಂತಿದ್ರೆ ಏನ್ಮಾಡ್ತೀರಿ?" ಎಂದಳು. "ಇಷ್ಟು ದೂರ ದಿನಾ ನಡೆಯೋ ಜೀವ ಅಲ್ಲ ಅದು."

"ನಿಲ್ಲಿಸ್ತೀನಿ. ಖಾಲಿ ಸೀಟು ಹೊತ್ಕೊಂಡು ಎಣ್ಣೆ ಸುಡೋದು ನನಗಾಗಲ್ಲ."

"ಮತ್ತೆ ಮುಂದಿನ ಸೀಟಾ?"

"ಮುಂದಿನದು ನಿನಗೆ. ಅವನು ಹಿಂದೆ, ನಡುಮಧ್ಯ ಕೂರ್ಲಿ."

"ಹಿಂದೆ ಕೂತ್ರೆ ಹೊಟ್ಟೆ ತೊಳಸುತ್ತೆ ಅಂತಾನಲ್ಲ."

"ತೊಳಸ್ಲಿ" ಎಂದೆ. "ನಡುಮಧ್ಯ ಕೂತ್ರೆ ಕನ್ನಡೀಲಿ ಮುಖ ಪೂರ್ತಿ ಕಾಣುತ್ತೆ."